ಗ್ಯಾಸ್ ತುಂಬಿಸೋ ಮುಂಚೆ ಒಂದು ಬಕೆಟ್ ನೀರು

ಸಕಲೇಶಪುರದ ಚಳಿಗೆ, ಅದೂ ಹಳೇ ಫೋರ್ ವೀಲ್ ಡ್ರೈವ್ ಗಾಡಿಗೆ ಎಸಿ ಯಾಕಪ್ಪಾ ಅಂತ ಬಯಲುಸೀಮೆ ಕಡೆಯವರು ಕೇಳ್ತಾರೆ. ಜುಲೈ ಮಳೆಯಲ್ಲಿ ಗಾಜು ಏರಿಸಿಕೊಂಡು ನಾಲ್ಕು ಜನ ಕೂತು ನೋಡಿ, ಮುಂದಿನ ಗಾಜು ಒಳಗಿಂದ ಪೂರ್ತಿ ಮಬ್ಬಾಗುತ್ತೆ. ಎಸಿ ಹಾಕಿದರೆ ಗಾಳಿಯ ತೇವ ಕೂಲಿಂಗ್ ಕಾಯಿಲ್ ಮೇಲೆ ನೀರಾಗಿ ಇಳಿದುಹೋಗಿ ಗಾಜು ತಿಳಿಯಾಗುತ್ತೆ. ಇನ್ನು ಮಾರ್ಚ್‌ನಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗೋರಿಗೆ ಸೆಕೆ ಬೇರೆ. ಊರಲ್ಲಿ ಓಡಾಡುವಾಗ ಎಸಿ ಕೆಟ್ಟಿದ್ದು ಗೊತ್ತೇ ಆಗಲ್ಲ, ಘಾಟಿ ಇಳಿದು ನೆಲ್ಯಾಡಿ ದಾಟುವಾಗ ಗೊತ್ತಾಗುತ್ತೆ.

ಎಸಿ ರಿಪೇರಿಗೆ ನನ್ನ ಹತ್ತಿರ ಬರೋರೆಲ್ಲ ಕಾಯಿಲೆಯ ಹೆಸರು ಅವರೇ ಹೇಳಿಬಿಡ್ತಾರೆ: "ಗ್ಯಾಸ್ ಖಾಲಿಯಾಗಿದೆ, ಹಾಕಿಕೊಡಿ." ಗ್ಯಾಸ್ ಅಂದ್ರೆ ಡೀಸೆಲ್ ಥರ ಉರಿದು ಮುಗಿಯೋದಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸು ಸುತ್ತುತ್ತಿರುತ್ತೆ. ಹಳೇ ರಬ್ಬರ್ ಹೋಸಿನಲ್ಲಿ ವರ್ಷಗಟ್ಟಲೆ ಸ್ವಲ್ಪ ಜಿನುಗೋದು ನಿಜ, ಆದರೆ ಹೋದ ತಿಂಗಳು ತುಂಬಿಸಿದ್ದು ಈ ತಿಂಗಳು ಇಲ್ಲ ಅಂದ್ರೆ ಎಲ್ಲೋ ಸೋರ್ತಿದೆ, ಇಲ್ಲಾಂದ್ರೆ ತೊಂದರೆ ಗ್ಯಾಸಿನದ್ದೇ ಅಲ್ಲ.

ಒಂದು ಎಸ್ಟೇಟ್ ಗಾಡಿಯ ಕಥೆ ಹೇಳ್ತೀನಿ. ಡ್ರೈವರ್ ಹೇಳಿದ್ದು: "ಅಣ್ಣಾ, ಬೆಳಿಗ್ಗೆ ಹಲ್ಲು ಕಡಿಯೋ ಹಾಗೆ ತಣ್ಣಗಿರುತ್ತೆ. ಘಾಟಿಯಲ್ಲಿ ಟ್ಯಾಂಕರ್ ಹಿಂದೆ ಸಿಕ್ಕಿಹಾಕಿಕೊಂಡ್ವಿ ಅಂದ್ರೆ ಮುಗೀತು, ಬಿಸಿಗಾಳಿ." ಬೇರೆ ಕಡೆ ಆಗಲೇ ಗ್ಯಾಸ್ ಹಾಕಿಸಿದ್ದರು. ಇಂಜಿನ್ ಆಫ್ ಇದ್ದಾಗ ಪ್ರೆಶರ್ ಗೇಜ್ ಹಚ್ಚಿದರೆ ಎರಡೂ ಕಡೆ (ಗ್ಯಾಸ್ ಒತ್ತೋ ಕಂಪ್ರೆಸರಿಗೆ ಒಳಬರೋದು ಲೋ ಸೈಡ್, ಹೊರಹೋಗೋದು ಹೈ ಸೈಡ್) 80 ಪಿಎಸ್‌ಐ ಆಸುಪಾಸು. ಈ ಗಾಡಿಯಲ್ಲಿದ್ದ ಆರ್-134ಎ ಅನ್ನೋ ಎಸಿ ಗ್ಯಾಸಿಗೆ 25 ಡಿಗ್ರಿ ಹವೆಯಲ್ಲಿ ಅಷ್ಟೇ ಇರಬೇಕು. ಆದರೆ ಅದು ಗ್ಯಾಸ್ ಇದೆ ಅಂತಷ್ಟೇ ಹೇಳುತ್ತೆ, ಎಷ್ಟಿದೆ ಅಂತ ಹೇಳಲ್ಲ. ಇಂಜಿನ್ ಓಡಿಸಿದಾಗ ಹೈ ಸೈಡ್ ಮುಳ್ಳು ನಿಲ್ಲದೆ ಏರ್ತಾ 300 ದಾಟಿತು. ಗ್ಯಾಸಿನ ಬಿಸಿಯನ್ನು ಹೊರಗೆ ಬಿಡೋ ಕಂಡೆನ್ಸರ್ (ರೇಡಿಯೇಟರ್ ಮುಂದಿನ ಜಾಲರಿ) ಮೇಲೆ ಬಕೆಟ್ಟಿಂದ ನಿಧಾನಕ್ಕೆ ನೀರು ಸುರಿಸಿದೆ. ಮುಳ್ಳು ಸರಸರ ಇಳಿದು 200ರ ಹತ್ತಿರ ನಿಂತಿತು, ಒಳಗೆ ತಣ್ಣನೆ ಗಾಳಿ ಶುರುವಾಯ್ತು. ಅಲ್ಲಿಗೆ ಗೊತ್ತಾಯ್ತು, ಕಂಡೆನ್ಸರಿನಿಂದ ಬಿಸಿ ಹೊರಗೆ ಹೋಗ್ತಿಲ್ಲ.

ಮುಂದಿನಿಂದ ನೋಡಿದರೆ ಕಂಡೆನ್ಸರ್ ಫಳಫಳ ಹೊಳೀತಿತ್ತು. ಗ್ರಿಲ್ ಬಿಚ್ಚಿ, ರೇಡಿಯೇಟರ್ ಸಡಿಲ ಮಾಡಿ ಹಿಂದೆ ಸರಿಸಿದಾಗ ಎರಡರ ನಡುವೆ ಕೆಂಪು ಮಣ್ಣು, ಹುಲ್ಲಿನ ಬೀಜ, ಎಣ್ಣೆ ಜಿಡ್ಡು ಸೇರಿ ಕಂಬಳಿ ಹಾಸಿದಂತಿತ್ತು. ವಾಟರ್ ಸರ್ವಿಸ್‌ನವರು ಮುಂದಿನಿಂದ ಪ್ರೆಶರ್ ಕೊಟ್ಟು ಹೊಡೀತಾರೆ. ಕೆಸರು ಒಳಕ್ಕೆ ಹೋಗಿ ಕೂರುತ್ತೆ, ಜಾಲರಿಯ ತೆಳು ತಗಡು, ಅಂದ್ರೆ ಫಿನ್‌ಗಳೂ ಮಡಚಿಕೊಳ್ತವೆ. ಹಿಂದಿನಿಂದ ಮುಂದಕ್ಕೆ, ಸಾದಾ ಪೈಪಿನ ನೀರಲ್ಲಿ, ತಾಳ್ಮೆಯಿಂದ ತೊಳೀಬೇಕು. ಗ್ಯಾಸ್ ಹೊರತೆಗೆದು ತೂಕ ಹಾಕಿದರೆ ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದದ್ದಕ್ಕಿಂತ ಜಾಸ್ತಿ. ಉಸಿರು ಕಟ್ಟಿದ ಕಂಡೆನ್ಸರಿಗೆ ಇನ್ನಷ್ಟು ಗ್ಯಾಸ್ ತುಂಬಿದರೆ ಪ್ರೆಶರ್ ಏರೋದಲ್ಲದೆ ಇನ್ನೇನಾಗುತ್ತೆ? ತೇವ ಹೀರೋ ಡ್ರೈಯರ್ ಬದಲಿಸಿ, ಪೈಪಿನೊಳಗಿನ ಗಾಳಿ ಎಳೆದು ವ್ಯಾಕ್ಯೂಮ್ ಮಾಡಿ, ತೂಕದ ಲೆಕ್ಕದಲ್ಲೇ ತುಂಬಿದೆ.

ಘಾಟಿಗೆ ಟ್ರಯಲ್ ಹೋದಾಗ ಎಸಿ ಮತ್ತೆ ನಿಂತಿತು. ಈ ಸಲ ಪ್ರೆಶರ್ ಸರಿಯಿತ್ತು, ಕ್ಲಚ್ಚಿನ ಆಯಸ್ಕಾಂತದ ಕಾಯಿಲಿಗೆ ಕರೆಂಟೂ ಬರ್ತಿತ್ತು, ಆದರೆ ಕಂಪ್ರೆಸರನ್ನು ಇಂಜಿನ್ ಬೆಲ್ಟಿಗೆ ಜೋಡಿಸೋ ಕ್ಲಚ್ ಪ್ಲೇಟ್ ಹಿಡೀತಿರಲಿಲ್ಲ. ಪ್ಲೇಟ್ ಸವೆದಷ್ಟೂ ಗ್ಯಾಪ್ ಹೆಚ್ಚುತ್ತೆ. ಕಾಯಿಲ್ ಬಿಸಿಯಾದಾಗ ಆಯಸ್ಕಾಂತದ ಸೆಳೆತ ಕಮ್ಮಿಯಾಗಿ ಅಷ್ಟು ದೂರದಿಂದ ಪ್ಲೇಟ್ ಎಳೆಯೋಕೆ ಆಗಲ್ಲ. ಗಾಡಿ ತಣ್ಣಗಾದ ಮೇಲೆ ಏನೂ ಆಗಿಲ್ಲದ ಹಾಗೆ ಕೆಲಸ ಮಾಡುತ್ತೆ. ಗ್ಯಾಪ್ ಅಳೆಯೋ ಫೀಲರ್ ಗೇಜ್ ಹಾಕಿದರೆ ಸುಮಾರು 1 ಮಿ.ಮೀ. ಸಾಮಾನ್ಯವಾಗಿ 0.3ರಿಂದ 0.6 ಇರಬೇಕು. ಮಧ್ಯದ ಬೋಲ್ಟ್ ಬಿಚ್ಚಿ ಗ್ಯಾಪ್ ಕಮ್ಮಿ ಮಾಡೋಕೆ ಒಂದು ಶಿಮ್ (ತೆಳು ವಾಷರ್) ತೆಗೆದದ್ದಷ್ಟೇ ರಿಪೇರಿ. ಇಂಥ ಗಾಡಿಗಳಿಗೆ ಎಷ್ಟೋ ಕಡೆ ಹೊಸ ಕಂಪ್ರೆಸರ್ರೇ ಹಾಕಿಬಿಡ್ತಾರೆ.

ಗೇಜ್ ಎಲ್ಲ ಸರಿ ತೋರಿಸ್ತಿದ್ದೂ ಗಾಳಿ ಬೆಚ್ಚಗಿದ್ದರೆ ಹೀಟರ್ ಹೋಸ್ ಅದುಮಿ ಹಿಡಿದು ನೋಡಿ. ಹಳೇ ಗಾಡಿಯಲ್ಲಿ ಹೀಟರ್ ವಾಲ್ವ್ ಕೇಬಲ್ ತುಕ್ಕು ಹಿಡಿದು ಪೂರ್ತಿ ಮುಚ್ಚಿರಲ್ಲ, ಬಿಸಿನೀರು ಒಳಗೆ ಸುತ್ತುತ್ತಿರುತ್ತೆ. ಸ್ವಲ್ಪ ಹೊತ್ತು ತಣ್ಣನೆ ಗಾಳಿ ಬಂದು, ನಿಂತು, ಆಫ್ ಮಾಡಿ ಬಿಟ್ಟ ಮೇಲೆ ಮತ್ತೆ ಬಂದರೆ ಗ್ಯಾಸ್ ಪೈಪಿನೊಳಗೆ ತೇವ ಸೇರಿ, ಕೂಲಿಂಗ್ ಕಾಯಿಲಿಗೆ ಗ್ಯಾಸ್ ಬಿಡೋ ಎಕ್ಸ್‌ಪ್ಯಾನ್ಷನ್ ವಾಲ್ವ್‌ನಲ್ಲಿ ಐಸ್ ಕಟ್ಟುತ್ತಿರಬಹುದು. ಎಡಗಡೆ ಕೂತವರ ಕಾಲಡಿ ನೀರು ನಿಂತರೆ ಕಾಯಿಲಿನ ನೀರು ಹೊರಗೆ ಹೋಗೋ ಡ್ರೈನ್ ಪೈಪ್ ನೋಡಿ. ತೋಟದ ಶೆಡ್ಡಿನಲ್ಲಿ ನಿಲ್ಲೋ ಗಾಡಿಗಳಲ್ಲಿ ಕಣಜ ಅದರೊಳಗೇ ಮಣ್ಣಿನ ಗೂಡು ಕಟ್ಟಿರುತ್ತೆ.

ತೊಂಬತ್ತರ ದಶಕದ, ಆರ್-12 ಅನ್ನೋ ಹಳೇ ಗ್ಯಾಸಿನ ಸಿಸ್ಟಮ್ ಇನ್ನೂ ಹಾಗೇ ಇರೋ ಗಾಡಿಗಳು ಅಪರೂಪಕ್ಕೆ ಬರ್ತವೆ. ಓಝೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಆ ಗ್ಯಾಸ್ ನಿಲ್ಲಿಸಿದ್ದಾರೆ. ಅದರ ಮಿನರಲ್ ಆಯಿಲ್ ಆರ್-134ಎ ಜೊತೆ ಬೆರೆಯಲ್ಲ, ಆದ್ದರಿಂದ ಆಯಿಲ್, ಡ್ರೈಯರ್, ಜಾಯಿಂಟಿನ ರಬ್ಬರ್ ಓ-ರಿಂಗ್ ಎಲ್ಲ ಬದಲಿಸಿ ತುಂಬಬೇಕು. ದುಡ್ಡು ಉಳಿಸೋಕೆ ಕೆಲವರು ಎಲ್‌ಪಿಜಿ ಬೆರೆಸಿದ ಗ್ಯಾಸ್ ಹಾಕಿಸಿರ್ತಾರೆ. ತಣ್ಣಗೆ ಮಾಡುತ್ತೆ, ಸುಳ್ಳಲ್ಲ. ಆದರೆ ಕೂಲಿಂಗ್ ಕಾಯಿಲ್ ಇರೋದು ಡ್ಯಾಶ್‌ಬೋರ್ಡ್ ಒಳಗೆ, ಸೋರಿದರೆ ಜನ ಕೂತಿರೋ ಜಾಗಕ್ಕೇ ಬರುತ್ತೆ. ಅಂಥ ಗಾಡಿಗೆ ನಾನು ಗೇಜ್ ಹಚ್ಚಲ್ಲ.