ಅಮೂರ್ತ ಬೀಜಗಣಿತಕ್ಕೆ ಯಾವ ಪುಸ್ತಕ?

ಉಡುಪಿಯಲ್ಲಿ ಬಿ.ಎಸ್‌ಸಿ. ಓದುವವರು ನನ್ನಲ್ಲಿ ಪದೇ ಪದೇ ಕೇಳುವ ಪ್ರಶ್ನೆ ಇದು: "ಸರ್, ಅಮೂರ್ತ ಬೀಜಗಣಿತಕ್ಕೆ ಯಾವ ಪುಸ್ತಕ ತೆಗೆದುಕೊಳ್ಳಲಿ?" ಪರೀಕ್ಷೆಯೊಂದೇ ಗುರಿಯಾದರೆ ಗೈಡ್ ಸಾಕು. ಗ್ರೂಪ್, ರಿಂಗ್, ಫೀಲ್ಡ್‌ಗಳನ್ನು, ಅಂದರೆ ಕೂಡುವ, ಗುಣಿಸುವಂಥ ಕ್ರಿಯೆಗಳಿರುವ ಗಣಗಳನ್ನು, ಮನಸ್ಸಿಟ್ಟು ಕಲಿಯಬೇಕೆನ್ನುವವರು ಗ್ಯಾಲಿಯನ್ ಅವರ 'ಕಾಂಟೆಂಪೊರರಿ ಆಬ್‌ಸ್ಟ್ರಾಕ್ಟ್ ಆಲ್ಜೀಬ್ರಾ' ಪುಸ್ತಕದಿಂದ ಆರಂಭಿಸಲಿ, ಮೊದಲ ಓದಿನಲ್ಲಿ ಇನ್ನೊಂದನ್ನು ಮುಟ್ಟದಿರಲಿ ಎಂಬುದು ನನ್ನ ಅಭಿಪ್ರಾಯ.

ಹಿರಿಯ ಅಧ್ಯಾಪಕರಲ್ಲಿ ಹಲವರು ಇದನ್ನು ಒಪ್ಪಲಾರರು. ಅವರಿಗೆ 1964ರಲ್ಲಿ ಹೊರಬಂದ ಹರ್‌ಸ್ಟೈನ್ ಅವರ 'ಟಾಪಿಕ್ಸ್ ಇನ್ ಆಲ್ಜೀಬ್ರಾ'ವೇ ಪ್ರಮಾಣ. ಅದರ ಬರವಣಿಗೆಯ ಬಿಗಿ ನನಗೂ ಇಷ್ಟ. ಆದರೆ ಗ್ಯಾಲಿಯನ್, ಗ್ರೂಪಿನ ವ್ಯಾಖ್ಯೆಗೆ ಮೊದಲೇ ಚೌಕವೊಂದನ್ನು ತಿರುಗಿಸಿ, ಮಗುಚಿ, ಅದರ ಎಂಟು ಸಮಮಿತಿಗಳ ಕೋಷ್ಟಕವನ್ನು ತೋರಿಸುತ್ತಾರೆ; ಹಾಗಾಗಿ ಮುಂದೆ ವ್ಯಾಖ್ಯೆ ಬಂದಾಗ ಅದು ಯಾವುದರ ಕುರಿತು ಎಂಬುದು ಓದುಗನಿಗೆ ಆಗಲೇ ತಿಳಿದಿರುತ್ತದೆ.

ಎರಡನ್ನೂ ಒಟ್ಟಿಗೆ ಓದಬಾರದೇಕೆ ಎಂದರೆ, ಹರ್‌ಸ್ಟೈನ್ ಆ ಪುಸ್ತಕದಲ್ಲಿ ಕ್ರಮಪಲ್ಲಟಗಳ (ಅಂಶಗಳ ಸ್ಥಾನ ಬದಲಿಸುವ ಕ್ರಿಯೆಗಳ) ಗುಣಲಬ್ಧವನ್ನು, ಅಂದರೆ ಒಂದಾದ ಮೇಲೊಂದು ಮಾಡುವುದನ್ನು, ಎಡದಿಂದ ಬಲಕ್ಕೆ ಮಾಡುತ್ತಾರೆ, ಗ್ಯಾಲಿಯನ್ ಬಲದಿಂದ ಎಡಕ್ಕೆ. (1 2) ಎಂದರೆ 1 ಮತ್ತು 2ರ ಅದಲುಬದಲು; (1 2 3) ಎಂದರೆ 1 ಹೋಗುವುದು 2ಕ್ಕೆ, 2 ಹೋಗುವುದು 3ಕ್ಕೆ, 3 ಮರಳುವುದು 1ಕ್ಕೆ. (1 2)(1 3) ಎಂಬ ಸಣ್ಣ ಲೆಕ್ಕವನ್ನೇ ನೋಡಿ: ಮೊದಲನೆಯ ರೀತಿಯಲ್ಲಿ ಉತ್ತರ (1 2 3), ಎರಡನೆಯದರಲ್ಲಿ (1 3 2). ಎರಡೂ ಸರಿಯೇ. ಒಂದರಲ್ಲಿ ಪಾಠ ಓದಿ ಇನ್ನೊಂದರ ಲೆಕ್ಕ ಬಿಡಿಸಲು ಕುಳಿತವನು ಮಾತ್ರ, ಇಲ್ಲದ ತಪ್ಪನ್ನು ಹುಡುಕುತ್ತಾ ಸಂಜೆಯಿಡೀ ಕಳೆಯುತ್ತಾನೆ.

ನನ್ನ ಮಾತನ್ನೇ ನಂಬಬೇಕಾಗಿಲ್ಲ. ಲೈಬ್ರರಿಯಲ್ಲಿ ಎರಡನ್ನೂ ತೆಗೆದು, ಸಬ್‌ಗ್ರೂಪಿನ (ಗ್ರೂಪಿನೊಳಗಿನ ಗ್ರೂಪಿನ) ಗಾತ್ರವು ಸಾಂತ ಗ್ರೂಪಿನ ಗಾತ್ರವನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎನ್ನುವ ಲಗ್ರಾಂಜ್ ಪ್ರಮೇಯವನ್ನು ಓದಿ, ಪುಸ್ತಕ ಮುಚ್ಚಿ ಸಾಧನೆಯನ್ನು ಸ್ವತಃ ಬರೆಯಿರಿ. ಕೋಸೆಟ್‌ಗಳೆಲ್ಲ (ಸಬ್‌ಗ್ರೂಪಿನ ಎಲ್ಲ ಅಂಶಗಳನ್ನು ಗ್ರೂಪಿನ ಒಂದು ಅಂಶದಿಂದ ಗುಣಿಸಿದಾಗ ಸಿಗುವ ಗಣಗಳು) ಒಂದೇ ಗಾತ್ರದವು, ಬೇರೆ ಬೇರೆ ಕೋಸೆಟ್‌ಗಳಲ್ಲಿ ಸಾಮಾನ್ಯ ಅಂಶವಿಲ್ಲ ಎಂಬ ಎರಡು ಹೆಜ್ಜೆಗಳನ್ನು ಯಾವ ಪುಸ್ತಕ ಓದಿದ ಮೇಲೆ ನೀವು ಕಾರಣಸಹಿತ ಬರೆಯಬಲ್ಲಿರೋ ಅದನ್ನು ಕೊಳ್ಳಿ. ಪರಿಚಿತರ ಶಿಫಾರಸಿಗಿಂತ, ನನ್ನದನ್ನೂ ಸೇರಿಸಿ, ಈ ಪರೀಕ್ಷೆ ಹೆಚ್ಚು ನಂಬಿಕೆಗೆ ಅರ್ಹ.

ಡಮಿಟ್ ಮತ್ತು ಫೂಟ್ ಅವರ 'ಆಬ್‌ಸ್ಟ್ರಾಕ್ಟ್ ಆಲ್ಜೀಬ್ರಾ' ಒಂಬೈನೂರು ಪುಟ ದಾಟುವ ಗ್ರಂಥ. ಎಂ.ಎಸ್‌ಸಿ.ಗೆ ಕೊಣಾಜೆಗೋ ಮಣಿಪಾಲಕ್ಕೋ ಹೋಗುವವರು ಆಗ ಕೊಂಡರಾಯಿತು. ಹರ್‌ಸ್ಟೈನ್ ಅವರ ಲೆಕ್ಕಗಳನ್ನು, ಅದರಲ್ಲೂ ನಕ್ಷತ್ರ ಚಿಹ್ನೆ ಹಾಕಿದವುಗಳನ್ನು, ಗ್ಯಾಲಿಯನ್‌ನ ಗ್ರೂಪ್ ಭಾಗ ಮುಗಿಸಿದ ಬಳಿಕ ಎತ್ತಿಕೊಳ್ಳಿ. ಗುಣಾಕಾರದ ದಿಕ್ಕನ್ನು ಮೊದಲ ಪುಟದಲ್ಲೇ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ.