ನೀರು ಇಳಿದ ಮೇಲೆ ರೀವಗಳ ಊರು

ಮಾರ್ಚ್ 23, 2025, ಭಾನುವಾರ
ಶಿವಮೊಗ್ಗ

ಬೆಳಗ್ಗೆ ಐದಕ್ಕೆ ಎದ್ದು ನೋಡಿದರೆ ಪುಟ್ಟಿ ಆಗಲೇ ಶೂ ಹಾಕಿಕೊಂಡು ಹಾಲ್‌ನಲ್ಲಿ ಕೂತಿದ್ದಳು. ಅಕ್ಕನ ಮಗಳು, ಒಂಬತ್ತು ವರ್ಷ. "ಚಿಕ್ಕಮ್ಮ, ಈ ಸಲ ಮೊಟ್ಟೆ ಕಾಣುತ್ತೆ ತಾನೆ?" ಅಂತ ನಿನ್ನೆ ರಾತ್ರಿಯಿಂದ ಕೇಳಿದ್ದೇ ಕೇಳಿದ್ದು. ಅಕ್ಕ ಫ್ಲಾಸ್ಕಿಗೆ ಕಾಫಿ ತುಂಬಿಸಿ, ಡಬ್ಬಿಗೆ ಒಗ್ಗರಣೆ ಅವಲಕ್ಕಿ ಹಾಕಿಕೊಟ್ಟಳು. ಭಾವ ಕಾರು ತೆಗೆದರು. ನದಿ ರೀವ ಅನ್ನುವ ಹಕ್ಕಿ ಮೊಟ್ಟೆಯಿಡುವುದನ್ನು ನೋಡಲು ಭದ್ರಾ ಹಿನ್ನೀರಿಗೆ ಹೊರಟೆವು.

ಭದ್ರಾವತಿ ದಾಟಿ ಅಣೆಕಟ್ಟಿನ ಕಡೆಯ ಬಿಆರ್‌ಪಿ ರಸ್ತೆಗೆ ಬಂದಾಗ ಬೆಳಕು ಹರಿಯುತ್ತಿತ್ತು. ಅಲ್ಲಲ್ಲಿ ಮುತ್ತುಗ ಹೂ ಬಿಟ್ಟಿದೆ. ಎಲೆ ಒಂದೂ ಇಲ್ಲ, ಬರೀ ಹೂವು. ಹೊಂಗೆ ಚಿಗುರಿ ಪಳಪಳ ಅನ್ನುತ್ತಿದೆ. ಮಾವಿನ ಮರದಲ್ಲಿ ಹೂವು ಉದುರಿ ಮಿಡಿ ಕಚ್ಚಿದೆ. ಯುಗಾದಿಗೆ ಇನ್ನೊಂದೇ ವಾರ. ಕಾಡಿನಂಚಿನಲ್ಲಿ ಕಾರು ನಿಲ್ಲಿಸಿ ಕಾಫಿ ಕುಡಿಯುವಾಗ ಕುಟ್ರು ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ಒಂದು ನಿಲ್ಲಿಸಿದರೆ ಇನ್ನೊಂದು ಶುರು.

ಭದ್ರಾ ಅಣೆಕಟ್ಟು ಇರುವ ಲಕ್ಕವಳ್ಳಿಗೆ ನಾನು ಮಾರ್ಚ್ ತಿಂಗಳಲ್ಲೇ ಹೋಗುವುದಕ್ಕೆ ಒಂದು ಕಾರಣ ಇದೆ. ಭದ್ರಾ ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಪೇಪರ್ ಬಂದ ಕೂಡಲೇ ಎಲ್ಲರೂ ನೋಡುವುದು ಆ ಅಂಕಿಯನ್ನೇ. ಬೇಸಿಗೆ ಬೆಳೆಗೆ ನಾಲೆಗೆ ನೀರು ಬಿಟ್ಟ ಮೇಲೆ ಮಟ್ಟ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ದಾವಣಗೆರೆ ಕಡೆಯ ಗದ್ದೆಗೆ ನೀರು ಹೋದ ಹಾಗೆಲ್ಲ ಇಲ್ಲಿ ಹಿನ್ನೀರಿನ ನಡುವೆ ನೆಲ ಎದ್ದು ನಿಲ್ಲುತ್ತದೆ. ಆ ನಡುಗಡ್ಡೆಗಳು ಅಂದರೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಗುಡ್ಡಗಳ ನೆತ್ತಿ. ಮರ ಇಲ್ಲ, ಹುಲ್ಲೂ ಕಡಿಮೆ, ಬರೀ ಕಲ್ಲು, ಕೆಂಪು ಮಣ್ಣು. ನಮಗೆ ಅದು ಬೋಳು ನೆಲ. ನದಿ ರೀವಕ್ಕೆ ಅದೇ ಬೇಕು. ಇಲ್ಲಿಯ ದೋಣಿಯವರು ಅದನ್ನು ಟರ್ನ್ ಅಂತಲೇ ಕರೆಯುತ್ತಾರೆ. ದಡದ ಮೇಲಿರುವ ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜ್‌ಗೂ ಹೆಸರು ಬಂದಿದ್ದು ಇದೇ ಹಕ್ಕಿಯಿಂದ.

ದೋಣಿ ಹತ್ತುವ ಮುಂಚೆ ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟರು. ಪುಟ್ಟಿಗೆ ಅದು ಮೊಣಕಾಲಿನವರೆಗೆ ಬರುತ್ತಿತ್ತು. ನಮ್ಮ ಜೊತೆ ಬೆಂಗಳೂರಿಂದ ಬಂದಿದ್ದ ಒಂದು ಕುಟುಂಬ, ದೊಡ್ಡ ಕ್ಯಾಮೆರಾದ ಇಬ್ಬರು ಹುಡುಗರು, ಹಕ್ಕಿ ತೋರಿಸಿ ಹೇಳುವ ಗೈಡ್ ಒಬ್ಬರು. "ಫೋನ್ ಸೈಲೆಂಟ್ ಮಾಡಿ, ಎದ್ದು ನಿಲ್ಲಬೇಡಿ, ಕೂಗಬೇಡಿ" ಅಂದರು. ಅಷ್ಟೇ ನಿಯಮ.

ಮೊದಲು ಸಿಕ್ಕಿದ್ದು ನೀರಲ್ಲಿ ನಿಂತ ಒಣಮರಗಳು. ಅಣೆಕಟ್ಟು ತುಂಬಿದಾಗ ಸತ್ತ ಮರಗಳು ಇಷ್ಟು ವರ್ಷವಾದರೂ ಹಾಗೇ ನಿಂತಿವೆ. ಒಂದೊಂದು ಕೊಂಬೆಯಲ್ಲೂ ನೀರುಕಾಗೆ. ಹಾವಕ್ಕಿ ರೆಕ್ಕೆ ಹರಡಿಕೊಂಡು, ಬಟ್ಟೆ ಒಣಗಲು ಹಾಕಿದ ಹಾಗೆ ಬಿಸಿಲಿಗೆ ಕೂತಿತ್ತು. ತೀರಾ ಎತ್ತರದ ಮರದ ತುದಿಯಲ್ಲಿ ಮೀನುಡೇಗೆ. ಕಾಲಲ್ಲಿ ಮೀನು ಹಿಡಿದುಕೊಂಡು ತಲೆಯ ಕಡೆಯಿಂದ ಕಿತ್ತು ತಿನ್ನುತ್ತಿತ್ತು. ಚಳಿಗಾಲ ಕಳೆಯಲು ಉತ್ತರದಿಂದ ಬಂದ ಹಕ್ಕಿ ಅದು, ಇನ್ನು ಸ್ವಲ್ಪ ದಿನದಲ್ಲಿ ವಾಪಸ್ ಹೊರಡುತ್ತದೆ. ಮುಂದಿನ ಸಲ ಬಂದಾಗ ಅದು ಸಿಗುವುದು ಕಷ್ಟ ಅಂತ ಪುಟ್ಟಿಗೆ ಹೇಳಿದೆ. ದುರ್ಬೀನು ಕೆಳಗೆ ಇಳಿಸಲೇ ಇಲ್ಲ ಅವಳು.

ಆಮೇಲೆ ನೀರುನಾಯಿ. ಮೊದಲು ಕಂಡಿದ್ದಲ್ಲ, ಕೇಳಿಸಿದ್ದು. ಬಂಡೆಯ ಹಿಂದೆ ಕರಕರ ಅಂತ ಶಬ್ದ. ದೋಣಿಯವರು ಎಂಜಿನ್ ಆಫ್ ಮಾಡಿದರು. ದೋಣಿ ತಾನಾಗಿ ತೇಲಿ ಬಂಡೆ ದಾಟಿದಾಗ ನೋಡಿದರೆ ಐದು ನೀರುನಾಯಿಗಳು. ಒಂದು ಎರಡೂ ಕೈಯಲ್ಲಿ ಮೀನು ಹಿಡಿದು ಕಡಲೆಕಾಯಿ ತಿಂದ ಹಾಗೆ ಮುಳ್ಳು ಸಮೇತ ಜಗಿಯುತ್ತಿತ್ತು. ಮೂತಿಯ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎರಡು ಮರಿಗಳು ಒಂದರ ಮೇಲೊಂದು ಬಿದ್ದು ಉರುಳಾಡುತ್ತಿದ್ದವು. ನಮ್ಮನ್ನು ನೋಡಿ ದೊಡ್ಡದೊಂದು ಕತ್ತು ಚಾಚಿ ಒಂದು ಸಲ ಉಸಿರು ಬಿಟ್ಟಿತು, ಅಷ್ಟೇ. ಎಲ್ಲವೂ ಸರಕ್ ಅಂತ ನೀರಿಗೆ ಜಾರಿದವು. ನೀರಿನ ಮೇಲೆ ಗುಳ್ಳೆಗಳ ಸಾಲು ಮಾತ್ರ ದೂರ ದೂರ ಹೋಯಿತು. ದೋಣಿಯಲ್ಲಿ ಯಾರೂ ಮಾತಾಡಲಿಲ್ಲ.

ಆಚೆ ದಡದಲ್ಲಿ ಎರಡು ಆನೆ, ಒಂದು ಮರಿ. ಬೇಸಿಗೆಯಲ್ಲಿ ಒಳಗಿನ ಹಳ್ಳಗಳು ಬತ್ತುವುದರಿಂದ ಹಿನ್ನೀರಿಗೆ ಬರುತ್ತವೆ. ನೀರು ಇಳಿದ ಜಾಗದಲ್ಲಿ ಎಳೆ ಹುಲ್ಲೂ ಚಿಗುರಿರುತ್ತದೆ. ಕಾಟಿಗಳೂ ದೂರದಲ್ಲಿ ಕಂಡವು. ಎಲ್ಲರೂ ಫೋಟೋ ತೆಗೆದುಕೊಂಡರು. ನನ್ನ ಮನಸ್ಸು ಮಾತ್ರ ನಡುಗಡ್ಡೆಯ ಕಡೆಗೇ ಇತ್ತು.

ಹಕ್ಕಿ ಕಾಣುವ ಮೊದಲೇ ಸದ್ದು ಬಂತು. ನೂರಾರು ಹಕ್ಕಿ ಒಟ್ಟಿಗೆ ಚೀರುವ ಸದ್ದು. ಹತ್ತಿರ ಆದ ಹಾಗೆ ಬೂದು ಬೆನ್ನು, ಕಪ್ಪು ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು ಒಂದೊಂದಾಗಿ ಕಂಡವು. ಹಾರುವಾಗ ಬಾಲ ಕವಲಾಗುತ್ತದೆ. ಮೊಟ್ಟೆಯಿಡುವ ಕಾಲದಲ್ಲೇ ತಲೆ ಹೀಗೆ ಅಚ್ಚ ಕಪ್ಪಾಗುವುದು, ಉಳಿದ ಕಾಲದಲ್ಲಿ ಆ ಬಣ್ಣ ಮಾಸಿರುತ್ತದೆ. ಒಂದು ಗಂಡು ಬೆರಳುದ್ದದ ಬೆಳ್ಳಿ ಮೀನನ್ನು ಕೊಕ್ಕಿನಲ್ಲಿ ಅಡ್ಡ ಹಿಡಿದು, ಕತ್ತು ಎತ್ತಿ, ಹೆಣ್ಣಿನ ಸುತ್ತ ನಡೆಯುತ್ತಿತ್ತು. ಹೆಣ್ಣು ಆಕಡೆ ನೋಡಿತು, ಈಕಡೆ ನೋಡಿತು, ಆಮೇಲೆ ಪಟ್ಟಂತ ಕಿತ್ತುಕೊಂಡು ನುಂಗಿತು.

ಗೂಡು ಅನ್ನುವಂಥದ್ದು ಏನೂ ಇಲ್ಲ. ನೆಲದಲ್ಲಿ ಅಂಗೈ ಅಗಲದ ಗುಳಿ, ಅಷ್ಟೇ. ಗೈಡ್ ತಮ್ಮ ಸ್ಕೋಪ್ ಸರಿಮಾಡಿ ಪುಟ್ಟಿಯನ್ನು ಕರೆದರು. ಅವಳು ತುಂಬಾ ಹೊತ್ತು ನೋಡಿ, "ಬರೀ ಕಲ್ಲು" ಅಂದಳು. "ಆ ಕಲ್ಲಲ್ಲಿ ಮೂರಕ್ಕೆ ಚುಕ್ಕಿ ಇದೆ ನೋಡು ಮಗಾ" ಅಂದರು. ಆಗ ಕಾಣಿಸಿತು ಅವಳಿಗೆ. ಮಣ್ಣಿನ ಬಣ್ಣ, ಮೇಲೆ ಕಂದು ಚುಕ್ಕಿ. ಕಾಲಿಟ್ಟು ತುಳಿದರೂ ಗೊತ್ತಾಗದಂಥ ಮೊಟ್ಟೆ. ನಾನೂ ನೋಡಿದೆ. ಪ್ರತಿ ವರ್ಷ ನೋಡಿದರೂ ಎದೆ ಡಬಡಬ ಅನ್ನುತ್ತದೆ ನನಗೆ.

ಎಂಟೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಸ್ಕೋಪಿನಲ್ಲಿ ನಾನು ಒಂದೇ ಹಕ್ಕಿಯನ್ನು ನೋಡುತ್ತಾ ಕೂತೆ. ಬಾಯಿ ತೆರೆದುಕೊಂಡು ತೇಕುತ್ತಾ ಮೊಟ್ಟೆಯ ಮೇಲೆ ಕೂತಿತ್ತು. ಸ್ವಲ್ಪ ಹೊತ್ತಿಗೆ ಜೋಡಿ ಬಂದು ಪಕ್ಕದಲ್ಲಿ ಇಳಿಯಿತು. ಕೂತಿದ್ದು ಎದ್ದು ಹಾರಿ, ನೀರಿನ ಮೇಲೆ ತೀರಾ ಕೆಳಗೆ ಬಂದು, ಹೊಟ್ಟೆಯನ್ನು ಮಾತ್ರ ನೀರಿಗೆ ತಾಗಿಸಿತು. ಒಂದು ಸಲ, ಎರಡು ಸಲ, ಮೂರು ಸಲ. ಮೀನು ಹಿಡಿಯಲಿಲ್ಲ. ನೇರ ವಾಪಸ್ ಬಂದು ಒದ್ದೆ ಹೊಟ್ಟೆಯಲ್ಲೇ ಮೊಟ್ಟೆಯ ಮೇಲೆ ಕೂತಿತು. ಗರಿಯಿಂದ ಇಳಿದ ಹನಿ ಪಕ್ಕದ ಕಲ್ಲಿನ ಮೇಲೆ ಬಿದ್ದು ನಿಮಿಷದೊಳಗೆ ಆರಿಹೋಯಿತು. ಕಾವು ಕೊಡುವುದು ಅಂದರೆ ಬಿಸಿ ಮಾಡುವುದು ಅಂತ ತಾನೆ ನಾವು ಅಂದುಕೊಳ್ಳುವುದು? ಇಲ್ಲಿ ಹಗಲು ಹೊತ್ತು ಅದು ಉಲ್ಟಾ. ಬಿಸಿಲಿಂದ ಮೊಟ್ಟೆ ಬೇಯದ ಹಾಗೆ ಈ ತಾಯಿ ತಂದೆ ಸರದಿಯಲ್ಲಿ ತಮ್ಮ ನೆರಳನ್ನೇ ಹಿಡಿದುಕೊಂಡು ಕೂರುತ್ತಾರೆ.

ಆಗಲೇ ಕ್ಯಾಮೆರಾದ ಹುಡುಗ ಒಬ್ಬ, "ಅಣ್ಣ, ಇನ್ನೊಂದು ಸ್ವಲ್ಪ ಹತ್ತಿರ ಹೋಗೋಣ, ಫ್ರೇಮ್ ತುಂಬಾ ಸಿಗುತ್ತೆ" ಅಂದ. ಕೆಟ್ಟ ಹುಡುಗ ಅಲ್ಲ, ಹಕ್ಕಿ ಅಂದರೆ ಪ್ರಾಣ ಅವನಿಗೆ. ದೋಣಿಯವರು ಎಂಜಿನ್ ಮುಟ್ಟಲಿಲ್ಲ. "ಆಗಲ್ಲ ಸರ್. ಹತ್ತಿರ ಹೋದ್ರೆ ಎಲ್ಲಾ ಏಳ್ತವೆ. ಎದ್ದ್ರೆ ಮೊಟ್ಟೆ ಬಿಸಿಲಿಗೆ ಬಿತ್ತು ಅಂತಾನೇ ಲೆಕ್ಕ" ಅಂದರು. ಅಷ್ಟರಲ್ಲಿ ಗರುಡ ಒಂದು ನಡುಗಡ್ಡೆಯ ಮೇಲೆ ಹಾದುಹೋಯಿತು. ಇಡೀ ಊರೇ ಮೇಲೆದ್ದಿತು. ಚೀರುತ್ತಾ ಗರುಡನ ಬೆನ್ನು ಹತ್ತಿ, ಒಂದೊಂದೇ ಎರಗಿ ಆಚೆ ಓಡಿಸಿದವು. ನಾನು ವಾಚ್ ನೋಡಿದೆ. ಎಲ್ಲಾ ವಾಪಸ್ ಬಂದು ಕೂರಲು ನಾಲ್ಕು ನಿಮಿಷ ಹಿಡಿಯಿತು. ಗರುಡ ಒಂದು ಸಲ ಬಂದು ಹೋಗುತ್ತದೆ. ದೋಣಿ ಹಾಗಲ್ಲ, ಫೋಟೋ ಮುಗಿಯುವವರೆಗೆ ಅಲ್ಲೇ ನಿಲ್ಲುತ್ತದೆ. ಹುಡುಗ ತಾನೂ ಅದನ್ನೆಲ್ಲ ನೋಡಿದ. ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು, "ಇಲ್ಲಿಂದಲೇ ಸಾಕು ಅಣ್ಣ" ಅಂದ. ನನಗೆ ಅವನ ಮೇಲೆ ತುಂಬಾ ಪ್ರೀತಿ ಬಂತು.

ನದಿ ರೀವ ಈಗ ಐಯುಸಿಎನ್ ಅನ್ನುವ ಜಾಗತಿಕ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ 'ವಲ್ನರಬಲ್', ಅಂದರೆ ಅಳಿವಿನ ಅಪಾಯಕ್ಕೆ ಸಿಲುಕಬಹುದಾದ ಹಕ್ಕಿ. ಇದು ಬೇರೆ ನದಿಗಳಲ್ಲೂ ಮರಳ ದಿಬ್ಬದ ಮೇಲೆ ಮೊಟ್ಟೆಯಿಡುತ್ತದೆ. ಅಲ್ಲಿ ಮರಳು ತೆಗೆಯುತ್ತಾರೆ, ನಾಯಿ ಬರುತ್ತದೆ, ದನ ತುಳಿಯುತ್ತದೆ, ಇದ್ದಕ್ಕಿದ್ದ ಹಾಗೆ ನೀರು ಏರುತ್ತದೆ. ಇಲ್ಲಿ ಸುತ್ತ ಆಳದ ನೀರು ಇರುವುದರಿಂದ ನಾಯಿ, ನರಿ ಬರುವುದಿಲ್ಲ. ಬರುವವರು ನಾವೇ. ಮೂರು ವಾರ ಕಾವು, ಆಮೇಲೆ ಮರಿ ಹಾರಲು ಇನ್ನೂ ಒಂದು ತಿಂಗಳು. ಜೂನ್‌ನಲ್ಲಿ ಮಳೆ ಹಿಡಿದು ಭದ್ರೆ ತುಂಬುವಷ್ಟರಲ್ಲಿ ಎಲ್ಲಾ ಮುಗಿಯಬೇಕು. ಅಷ್ಟು ಬಿಗಿಯಾದ ಲೆಕ್ಕದಲ್ಲಿ ಬದುಕುವ ಹಕ್ಕಿಯ ಒಂದು ಬೆಳಗ್ಗೆಯನ್ನೂ ನಾವು ಹಾಳು ಮಾಡಬಾರದು ಅಲ್ವಾ?

ಅದೇ ನಡುಗಡ್ಡೆಯ ಇನ್ನೊಂದು ತುದಿಯಲ್ಲಿ ಸ್ಮಾಲ್ ಪ್ರಾಟಿನ್‌ಕೋಲ್ ಅನ್ನುವ ಮರಳು ಬಣ್ಣದ ಪುಟ್ಟ ಹಕ್ಕಿಗಳೂ ಇದ್ದವು. ಕೂತರೆ ನೆಲ, ಹಾರಿದರೆ ಹಕ್ಕಿ. ಪುಟ್ಟಿ ಹದಿನೇಳು ಎಣಿಸಿದಳು, ಭಾವ ಹನ್ನೊಂದು. ಪುಟ್ಟಿಯದೇ ಬರೆದುಕೊಂಡೆ.

ದಡಕ್ಕೆ ಬಂದು ಮರದ ಕೆಳಗೆ ಅವಲಕ್ಕಿ ತಿಂದೆವು. ಬೆಂಗಳೂರಿನ ಅಮ್ಮ ಒಬ್ಬರು, "ಇಲ್ಲಿಂದ ಮಂಡಗದ್ದೆಗೆ ಹೋದ್ರೆ ಹಕ್ಕಿ ಸಿಗ್ತವಾ?" ಅಂತ ಕೇಳಿದರು. ಬೇಡ ಅಂದೆ. ಬೇಸಿಗೆ ರಜೆಯಲ್ಲಿ ಸುಮಾರು ಜನ ಮಂಡಗದ್ದೆ, ಸೊರಬದ ಗುಡವಿ ಪಕ್ಷಿಧಾಮಗಳಿಗೆ ಹೋಗಿ ಖಾಲಿ ಮರ ನೋಡಿ ಬೇಜಾರಿನಿಂದ ಬರುತ್ತಾರೆ. ಬೆಳ್ಳಕ್ಕಿ, ನೀರುಕಾಗೆ, ಕೆಂಬರಲು ಇವಕ್ಕೆಲ್ಲ ಮಳೆ ಬೇಕು. ಮಂಡಗದ್ದೆಯಲ್ಲಿ ತುಂಗೆಯ ಮಧ್ಯದ ಮರಗಳಲ್ಲಿ ಗೂಡು ನೋಡಬೇಕಾದರೆ ಜುಲೈ ಆದ ಮೇಲೆ ಬರಬೇಕು. ಅವು ಮಳೆ ಕಾಯುತ್ತವೆ, ರೀವ ಬಿಸಿಲು ಕಾಯುತ್ತದೆ. ಅವರು ಅದನ್ನು ಫೋನಿನಲ್ಲಿ ಬರೆದುಕೊಂಡರು.

ಲಕ್ಕವಳ್ಳಿಗೆ ಹೋಗುವವರು ದೋಣಿ ಮೊದಲೇ ಬುಕ್ ಮಾಡಿಕೊಳ್ಳಿ, ಬೆಳಗಿನ ದೋಣಿಯನ್ನೇ ಹಿಡಿಯಿರಿ. ಮಕ್ಕಳಿಗೆ ಟೋಪಿ ಬೇಕೇ ಬೇಕು, ನೆರಳು ಇಲ್ಲ. ದುರ್ಬೀನು ಇಲ್ಲದಿದ್ದರೆ ಯಾರದ್ದಾದರೂ ಕೇಳಿ ತನ್ನಿ. ದೂರ ನಿಂತು ನೋಡಲು ಅದೇ ದಾರಿ.

ಮನೆಗೆ ಬಂದು ನಾನು ಕಂಡ ಹಕ್ಕಿಗಳ ಪಟ್ಟಿಯನ್ನು ಹಕ್ಕಿ ದಾಖಲಿಸುವ ಇಬರ್ಡ್ ಜಾಲತಾಣಕ್ಕೆ ಹಾಕಿದೆ, ಒಟ್ಟು 41 ಜಾತಿ. ಪುಟ್ಟಿ ಊಟವನ್ನೂ ಮರೆತು ಚಿತ್ರ ಬರೆಯುತ್ತಾ ಕೂತಿದ್ದಳು. ಹಾಳೆಯ ತುಂಬಾ ಒಂದೇ ಹಕ್ಕಿ, ಅದರ ಹೊಟ್ಟೆಯಿಂದ ನೀಲಿ ಹನಿಗಳು, ಕೆಳಗೆ ಮೂರು ಚುಕ್ಕಿ ಮೊಟ್ಟೆ. ಮೂಲೆಯಲ್ಲಿ ಇರುವೆ ಗಾತ್ರದ ಏನೋ ಒಂದು ಇತ್ತು. ಏನು ಪುಟ್ಟಿ ಇದು ಅಂದೆ.

"ನಾವು. ದೋಣಿ" ಅಂದಳು.