ಹಾಲು ಹೆಪ್ಪಾಗದ ಶನಿವಾರ

ಬೆಳಿಗ್ಗೆ ಆರೂವರೆಗೆ ಫೋನ್. ಮಂಡ್ಯ ಕಡೆಯ ಹಳ್ಳಿಯೊಂದರ ಹೆಣ್ಣುಮಗಳು. "ಸಾ, ರಾತ್ರಿ ಹೆಪ್ಪು ಹಾಕಿದ್ದೆ, ಹಾಲು ಹಂಗೇ ಅದೆ. ಹಸೀಗೆ ಇನ್ನೂ ವಾಸಿ ಆಗಿಲ್ವಾ?"

ನಾನು ಚಿಕಿತ್ಸೆ ಕೊಟ್ಟಿದ್ದ ಆ ಹಸುವಿಗೆ ವಾಸಿಯಾಗಿತ್ತು. ಕೆಚ್ಚಲು ಬಾವು ಇಳಿದಿತ್ತು, ಹಾಲಲ್ಲಿ ಗಡ್ಡೆ ಬರುವುದು ನಿಂತಿತ್ತು. ತಪ್ಪಿದ್ದು ಅವರಿಗೆ ನಾನು ಹೇಳಿದ ಲೆಕ್ಕ.

ಸೋಮವಾರ, ಮಂಗಳವಾರ, ಬುಧವಾರ ಸಂಜೆ ಒಂದೊಂದರಂತೆ ಮೂರು ಟ್ಯೂಬ್ ಆಂಟಿಬಯೋಟಿಕ್ ಔಷಧಿ ಮೊಲೆಯೊಳಕ್ಕೆ ಏರಿಸಬೇಕಿತ್ತು. ಮೊದಲನೆಯದನ್ನು ನಾನೇ ಏರಿಸಿ, ಉಳಿದೆರಡನ್ನು ಅವರ ಕೈಗಿಟ್ಟು, "ನಾಲ್ಕು ದಿನ ಡೇರಿಗೆ ಹಾಲು ಹಾಕ್ಬೇಡಿ ಕಣಮ್ಮ" ಅಂದು ಬೈಕ್ ಹತ್ತಿದ್ದೆ. ಯಾವತ್ತಿನಿಂದ ನಾಲ್ಕು ದಿನ ಅಂತ ಹೇಳಲಿಲ್ಲ. ಅವರು ಸೋಮವಾರದಿಂದ ಎಣಿಸಿ, ಶುಕ್ರವಾರ ಸಂಜೆ ಡೇರಿಗೆ ಹಾಕಿದರು. ಹಾಲು ಹಾಕಬಾರದು ಅಂತ ಡಬ್ಬಿಯ ಮೇಲಿದ್ದ 96 ಗಂಟೆ ಶುರುವಾಗುವುದು ಕೊನೆಯ ಟ್ಯೂಬಿನಿಂದ. ಅಂದರೆ ಭಾನುವಾರ ಸಂಜೆಯವರೆಗೆ.

ಹಾಲಿನ ಸಂಘದ ಕಾರ್ಯದರ್ಶಿಗೆ ಕೂಡಲೇ ಫೋನ್ ಮಾಡಿದೆ. ಶನಿವಾರದ ಹಾಲು ನಿಂತಿತು. ಶುಕ್ರವಾರದ್ದು ಆಗಲೇ ಊರವರೆಲ್ಲರ ಹಾಲಿನ ಜೊತೆ ಬಿಎಂಸಿ (ಹಾಲನ್ನು ತಣ್ಣಗಿಡುವ ದೊಡ್ಡ ಟ್ಯಾಂಕ್) ಸೇರಿತ್ತು. ಅಲ್ಲಿಗೂ ಸುದ್ದಿ ಮುಟ್ಟಿಸಿದೆ. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡುವ ಯಂತ್ರಕ್ಕೆ ಆಂಟಿಬಯೋಟಿಕ್ ಕಾಣುವುದಿಲ್ಲ. ಕಾಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಪೆನಿಸಿಲಿನ್ ಅಲರ್ಜಿ ಇರುವವರ ಲೋಟಕ್ಕೂ ಆ ಹಾಲು ಬೀಳಬಹುದು ಅನ್ನುವ ಯೋಚನೆ ಆ ದಿನವೆಲ್ಲ ನನ್ನನ್ನು ಬಿಡಲಿಲ್ಲ.

ಆ ಮನೆಯಲ್ಲಿ ಮೊಸರು ಆಗದಿದ್ದದ್ದು ಔಷಧಿಯಿಂದಲೇ ಇರಬೇಕು: ಬಾವಿನ ಕ್ರಿಮಿಯನ್ನು ಕೊಲ್ಲುವ ಔಷಧಿ ಹೆಪ್ಪಿನ ಜೀವಾಣುಗಳನ್ನೂ ಬಿಡುವುದಿಲ್ಲ. ಹಾಗಂತ ಮೊಸರಾದರೆ ಹಾಲು ಸರಿ ಅಂತ ತಿಳಿಯಬೇಡಿ. ಹೆಪ್ಪನ್ನು ತಡೆಯಲಾರದಷ್ಟು ಕಡಿಮೆ ಔಷಧಿ ಇದ್ದರೂ ಅದು ಮಿತಿ ಮೀರಿರಬಹುದು. ಸಿಎಂಟಿ ಪರೀಕ್ಷೆಯೂ ಅಷ್ಟೆ. ಅದು ಬಾವು ಇದೆಯೇ ಅಂತ ಹೇಳುತ್ತದೆ, ಔಷಧಿ ಉಳಿದಿದೆಯೇ ಅಂತ ಹೇಳುವುದಿಲ್ಲ. ಬಾವು ವಾಸಿಯಾಗುವ ದಿನ ಬೇರೆ, ಔಷಧಿ ಹಾಲಿನಿಂದ ಇಳಿಯುವ ದಿನ ಬೇರೆ. ಹಾಲು ಡೇರಿಗೆ ಹೋಗಬೇಕಾದರೆ ಎರಡೂ ಮುಗಿದಿರಬೇಕು.

ಇನ್ನೊಂದು ಮಾತು ಎಲ್ಲ ಕೊಟ್ಟಿಗೆಯಲ್ಲೂ ಕೇಳುತ್ತೇನೆ: "ಒಂದೇ ಮೊಲೆಗೆ ತಾನೇ ಟ್ಯೂಬ್ ಹಾಕಿದ್ದು, ಮಿಕ್ಕ ಮೂರರದ್ದು ಹಾಕಬಹುದಲ್ವಾ?" ಬೇಡ. ಔಷಧಿ ರಕ್ತಕ್ಕೆ ಸೇರಿ ಉಳಿದ ಮೂರಕ್ಕೂ ಬರುತ್ತದೆ. ಟ್ಯೂಬಿನ ಜೊತೆ ಇಂಜೆಕ್ಷನ್ನೂ ಕೊಟ್ಟಿದ್ದರೆ, ಡೋಸ್ ಹೆಚ್ಚಿಸಿದ್ದರೆ ಡಬ್ಬಿಯ ಗಂಟೆ ಸಾಲದು. ಚಿಕಿತ್ಸೆ ಕೊಟ್ಟ ಡಾಕ್ಟರನ್ನೇ ಕೇಳಬೇಕು. ಔಷಧಿಗೆ ಹಾಲು ಹಾಕದಿರುವ ಖಚಿತವಾದ ಅವಧಿ ಗೊತ್ತುಮಾಡಿಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ ಎಂದು 2012ರಲ್ಲಿ ನಮ್ಮ ಔಷಧ ನಿಯಮಕ್ಕೆ ಸೇರಿಸಿದ್ದಾರೆ. ಹಾಲು ಬತ್ತಿಸುವಾಗ ಹಾಕುವ ಟ್ಯೂಬನ್ನಂತೂ ಕರೆಯುವ ಹಸುವಿಗೆ ಹಾಕಲೇಬೇಡಿ, ಅದರ ಔಷಧಿ ವಾರಗಟ್ಟಲೆ ಉಳಿಯುವಂಥದ್ದು.

ದಿನಕ್ಕೆ ಹತ್ತು ಲೀಟರ್ ಕೊಡುವ ಹಸುವಾದರೆ ಸೋಮವಾರದಿಂದ ಭಾನುವಾರದವರೆಗೆ ಸುಮಾರು 60 ಲೀಟರ್ ಚೆಲ್ಲಬೇಕು. ಕರುವಿಗೂ ಕುಡಿಸಬಾರದು. ಒಂದೇ ಹಸುವಿನ ಮೇಲೆ ಮನೆ ನಡೆಸುವವರಿಗೆ ಇದು ಸಣ್ಣ ನಷ್ಟವಲ್ಲ. ಆದ್ದರಿಂದಲೇ ಸರಿಯಾದ ಲೆಕ್ಕ ಕೊಡುವುದು ನನ್ನ ಕೆಲಸ: ಒಂದು ಹೊತ್ತು ಹೆಚ್ಚೂ ಅಲ್ಲ, ಒಂದು ಹೊತ್ತು ಕಡಿಮೆಯೂ ಅಲ್ಲ.

ಈಗ "ನಾಲ್ಕು ದಿನ" ಅನ್ನುವುದನ್ನು ಬಿಟ್ಟಿದ್ದೇನೆ. ಬ್ಯಾಗಿನಲ್ಲಿ ಸೀಮೆಸುಣ್ಣ ಇಟ್ಟುಕೊಂಡಿರುತ್ತೇನೆ. ಕೊನೆಯ ಟ್ಯೂಬಿನ ವಾರ, ಹೊತ್ತು, ಹಾಲು ಹಾಕಬಹುದಾದ ಮೊದಲ ಕರಾವು, ಮೂರನ್ನೂ ಕೊಟ್ಟಿಗೆಯ ಬಾಗಿಲ ಮೇಲೆ ಬರೆದು, ಹಾಲು ಕರೆಯುವವರ ಬಾಯಲ್ಲಿ ಒಮ್ಮೆ ಹೇಳಿಸಿಕೊಂಡು ಹೊರಡುತ್ತೇನೆ. ಕಾರ್ಯದರ್ಶಿಗೂ ಅದೇ ವಾರ, ಅದೇ ಹೊತ್ತು ಮೆಸೇಜ್ ಹೋಗುತ್ತದೆ.